ಮಾಮೂಲು ಮತ್ತು ನ್ಯಾಯಪೀಠ: ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯದ ಕಥೆ

ಕನ್ನಡದಲ್ಲಿ ‘ಮಾಮೂಲು’ ಎಂಬ ಶಬ್ದಕ್ಕೆ ಎರಡು ಅರ್ಥಗಳುಂಟು. ಎಂದಿನಂತೆ ನಡೆದುಕೊಂಡು ಬಂದದ್ದು ಎಂಬುದು ಒಂದು. ಕಚೇರಿಯಲ್ಲಿ ಕೆಲಸವಾಗಬೇಕಾದರೆ ಗುಮಾಸ್ತನ ಕೈಗೆ ಇಡಬೇಕಾದ ಹಣ ಎಂಬುದು ಇನ್ನೊಂದು. ಅರಬ್ಬಿ ಮೂಲದ ಈ ಮಾತು ಮೊದಲನೆಯ ಅರ್ಥದಿಂದ ಎರಡನೆಯ ಅರ್ಥಕ್ಕೆ ಜಾರಿದ ಬಗೆಯನ್ನು ಯೋಚಿಸಿದರೆ ಅದರೊಳಗೆ ಒಂದು ದೊಡ್ಡ ಇತಿಹಾಸವೇ ಅಡಗಿರುವುದು ತಿಳಿಯುತ್ತದೆ. ಬಹುಕಾಲದಿಂದ ನಡೆದುಬಂದದ್ದು ತಪ್ಪೆಂದು ಯಾರಿಗೂ ತೋರುವುದಿಲ್ಲ. ಕೊಡುವವನಿಗೆ ಅದು ಲಂಚವಲ್ಲ, ಪಡೆಯುವವನಿಗೆ ಅದು ಕಳವಲ್ಲ; ಇಬ್ಬರ ಪಾಲಿಗೂ ಅದು ಮಾಮೂಲು.

ನ್ಯಾಯಾಲಯಗಳು ಕಾನೂನಿನ ಗ್ರಂಥಗಳಿಂದಲೂ ನ್ಯಾಯಾಧೀಶರ ವಿದ್ವತ್ತಿನಿಂದಲೂ ನಡೆಯುತ್ತವೆ ಎಂಬುದು ಸಾಮಾನ್ಯ ತಿಳಿವಳಿಕೆ. ಅದು ಅರ್ಧ ಸತ್ಯ ಮಾತ್ರ. ಕಡತವನ್ನು ಕಟ್ಟುವವನಿಗೆ ಅನ್ನ ಎಲ್ಲಿಂದ ಬರುತ್ತದೆ, ನಕಲು ಬರೆಯುವವನಿಗೆ ಯಾವ ಲೆಕ್ಕದಲ್ಲಿ ಕೂಲಿ ಸಲ್ಲುತ್ತದೆ, ಠೇವಣಿಯ ಹಣ ಯಾರ ಪೆಟ್ಟಿಗೆಯಲ್ಲಿರುತ್ತದೆ, ಹೊಸದಾಗಿ ಸೇರಿದವನು ಹಳಬರಿಂದ ಏನನ್ನು ಕಲಿಯುತ್ತಾನೆ ಎಂಬ ಸಂಗತಿಗಳು ಉಳಿದ ಅರ್ಧವನ್ನು, ಕೆಲವೊಮ್ಮೆ ಅರ್ಧಕ್ಕಿಂತ ಹೆಚ್ಚನ್ನು ನಿರ್ಣಯಿಸುತ್ತವೆ. ಇದಕ್ಕೆ ಇಂಗ್ಲೆಂಡಿನ ಚಾನ್ಸರಿ ನ್ಯಾಯಾಲಯಕ್ಕಿಂತ ಸ್ಪಷ್ಟವಾದ ನಿದರ್ಶನ ದೊರೆಯುವುದು ಕಷ್ಟ. ದೇವಾಲಯ, ಧರ್ಮಛತ್ರ, ವಿದ್ಯಾನಿಧಿಗಳ ಆಡಳಿತವನ್ನು ಹೊತ್ತವರಿಗೆ ಈ ಕಥೆ ಇನ್ನೊಂದು ಕಾರಣದಿಂದಲೂ ಪ್ರಸ್ತುತ. ‘ಟ್ರಸ್ಟ್’ ಎಂದು ಇಂದು ಯಾವುದನ್ನು ಕರೆಯುತ್ತೇವೆಯೋ ಅದು ಬೆಳೆದದ್ದು ಆ ನ್ಯಾಯಾಲಯದ ಮಡಿಲಿನಲ್ಲಿಯೇ.

ಮಧ್ಯಯುಗದ ಇಂಗ್ಲೆಂಡಿನಲ್ಲಿ ಸಾಮಾನ್ಯ ನ್ಯಾಯಾಲಯಗಳ ಕಾನೂನು ಬಿಗಿಯಾದದ್ದು. ಒಬ್ಬನು ಯುದ್ಧಕ್ಕೆ ಹೋಗುವಾಗ ತನ್ನ ಹೆಂಡತಿ ಮಕ್ಕಳಿಗಾಗಿ ನೋಡಿಕೊಳ್ಳೆಂದು ಭೂಮಿಯನ್ನು ಸ್ನೇಹಿತನ ಹೆಸರಿಗೆ ಮಾಡಿಕೊಟ್ಟರೆ, ಆ ನ್ಯಾಯಾಲಯಗಳ ದೃಷ್ಟಿಯಲ್ಲಿ ಭೂಮಿ ಸ್ನೇಹಿತನದೇ. ಆತ ಮಾತಿಗೆ ತಪ್ಪಿದರೆ ವಿಧವೆಗೂ ಮಕ್ಕಳಿಗೂ ಅಲ್ಲಿ ಬಾಗಿಲಿರಲಿಲ್ಲ. ಅಂಥವರು ರಾಜನಿಗೆ ಮೊರೆಯಿಟ್ಟರು; ರಾಜನು ಆ ಮೊರೆಗಳನ್ನು ತನ್ನ ಮುದ್ರಾಧಿಕಾರಿಯಾದ ಲಾರ್ಡ್ ಚಾನ್ಸಲರನಿಗೆ ಕಳುಹಿಸಿದನು. ಚಾನ್ಸಲರನು ದಾಖಲೆಯ ಅಕ್ಷರವನ್ನಷ್ಟೇ ನೋಡದೆ ಪ್ರತಿವಾದಿಯ ಅಂತಃಸಾಕ್ಷಿಯನ್ನು ಪ್ರಶ್ನಿಸಿದನು. ಹೆಸರು ನಿನ್ನದಿರಬಹುದು, ಆದರೆ ಸೊತ್ತು ಯಾರ ಹಿತಕ್ಕಾಗಿ ನಿನ್ನ ಕೈಗೆ ಬಂದಿತು ಎಂಬುದು ಆ ಪ್ರಶ್ನೆ. ಹೀಗೆ ಮೃತರ ಆಸ್ತಿ, ಅಪ್ರಾಪ್ತ ವಯಸ್ಕರ ಪಾಲು, ಧರ್ಮದತ್ತಿಗಳ ನಿರ್ವಹಣೆ ಎಲ್ಲವೂ ಕ್ರಮೇಣ ಚಾನ್ಸರಿಯ ಕೈಗೆ ಬಂದವು. ಪರರ ಹಣವನ್ನು ಹೇಗೆ ಕಾಯಬೇಕೆಂದು ಜಗತ್ತಿಗೆ ಕಲಿಸಿದ ಪೀಠ ಅದು.

ಆ ಪೀಠದ ಕೆಳಗಿನ ಕಚೇರಿಯ ರಚನೆಯನ್ನು ಈಗ ನೋಡಬೇಕು. ಮೇಲೆ ಲಾರ್ಡ್ ಚಾನ್ಸಲರ್. ಆತನ ನಂತರ ‘ಮಾಸ್ಟರ್ ಆಫ್ ದಿ ರೋಲ್ಸ್’. ಇವನೂ ಸೇರಿದಂತೆ ಹನ್ನೆರಡು ಮಂದಿ ‘ಮಾಸ್ಟರು’ಗಳು. ಲೆಕ್ಕ ತಪಾಸಣೆ, ಆಸ್ತಿಯ ವಿಚಾರಣೆ, ಠೇವಣಿಯ ಪಾಲನೆ ಈ ಮಾಸ್ಟರುಗಳದು. ಇನ್ನೊಂದು ಕಡೆ ಕಡತಗಳನ್ನು ಇಟ್ಟುಕೊಳ್ಳುವ ‘ಆರು ಗುಮಾಸ್ತರು’. ಅವರ ಕೈಕೆಳಗೆ ಅರವತ್ತು ಮಂದಿ ಪ್ರಮಾಣ ಸ್ವೀಕರಿಸಿದ ಉಪಗುಮಾಸ್ತರು. ಇವರ ಜೀವನ ನಡೆಯುತ್ತಿದ್ದುದು ಸಂಬಳದಿಂದಲ್ಲ, ಬಹುಪಾಲು ದಾವೆದಾರರು ತೆರುವ ರುಸುಮಿನಿಂದ. ಮೊಹರಿಗೆ ಒಂದು ರುಸುಮು, ಹಾಜರಾತಿಗೆ ಒಂದು, ನಕಲಿಗೆ ಒಂದು. ಇದಲ್ಲದೆ ಹುದ್ದೆಯೆಂಬುದು ಹೊಲಮನೆಗಳಂತೆ ಒಂದು ಸೊತ್ತಾಗಿತ್ತು. ಬಿಡುವವನು ಬೆಲೆ ಪಡೆಯುತ್ತಿದ್ದನು, ಸೇರುವವನು ಬೆಲೆ ಕೊಡುತ್ತಿದ್ದನು. ವ್ಯಾಪಾರ ಬಲ್ಲವರಿಗೆ ಇದರ ಪರಿಣಾಮವನ್ನು ವಿವರಿಸಬೇಕಾಗಿಲ್ಲ. ಬಂಡವಾಳ ಹೂಡಿ ಕುರ್ಚಿಯ ಮೇಲೆ ಕುಳಿತವನು ಮೊದಲು ಅದರ ಬಡ್ಡಿಯ ಲೆಕ್ಕ ಹಾಕುತ್ತಾನೆ.

ನಕಲಿನ ದರ ಹಾಳೆಯ ಲೆಕ್ಕದಲ್ಲಿತ್ತು. ತೊಂಬತ್ತು ಪದಗಳಿಗೆ ಒಂದು ಹಾಳೆ ಎಂದು ಎಣಿಕೆ. ಒಬ್ಬನ ವಾದಪತ್ರದ ನಕಲನ್ನು ಎದುರಾಳಿಯು ಬೇಕಿರಲಿ ಬೇಡದಿರಲಿ ಕಚೇರಿಯಿಂದಲೇ ಕೊಳ್ಳಬೇಕು. ಹೀಗಿರುವಾಗ ವಾದಪತ್ರಗಳು ಚಿಕ್ಕದಾಗಿರಲು ಯಾರಿಗೆ ಆಸಕ್ತಿ? ಹೇಳಿದ್ದನ್ನೇ ಮೂರು ಸಲ ಹೇಳುವ, ದಾಖಲೆಗಳನ್ನು ಇಡಿಯಾಗಿ ಎತ್ತಿ ಬರೆಯುವ ಶೈಲಿ ಹುಟ್ಟಿತು. ಅದು ಸಾಹಿತ್ಯದ ದೋಷವಲ್ಲ, ವರಮಾನದ ಮಾರ್ಗ. 1596ರಲ್ಲಿ ಮಿಲ್‌ವರ್ಡ್ ಎಂಬುವನ ಮೊಕದ್ದಮೆಯಲ್ಲಿ ಹದಿನಾರು ಹಾಳೆಗಳಲ್ಲಿ ಮುಗಿಯಬಹುದಾಗಿದ್ದ ಪ್ರತ್ಯುತ್ತರವೊಂದು ನೂರಿಪ್ಪತ್ತು ಹಾಳೆಗಳಿಗೆ ಬೆಳೆದು ಬಂದಿತು. ಅದನ್ನು ಬರೆದವನು ವಾದಿಯ ಮಗ ರಿಚರ್ಡ್ ಮಿಲ್‌ವರ್ಡ್. ಲಾರ್ಡ್ ಕೀಪರ್ ಆಗಿದ್ದ ಎಗರ್ಟನ್ ಸಿಟ್ಟಾಗಿ, ಆ ಹಾಳೆಗಳ ನಡುವೆ ರಂಧ್ರ ಕೊರೆಸಿ, ಬರೆದವನ ತಲೆಯನ್ನು ಅದರೊಳಗೆ ತೂರಿಸಿ, ನ್ಯಾಯಾಲಯಗಳು ನಡೆಯುತ್ತಿರುವ ಹೊತ್ತಿನಲ್ಲಿಯೇ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದ ಸುತ್ತ ಬರಿದಲೆಯಲ್ಲಿ ಮೆರವಣಿಗೆ ಮಾಡಿಸಿದನು; ಮೇಲೆ ಹತ್ತು ಪೌಂಡು ದಂಡ. ನೆರೆದವರು ನಕ್ಕಿರಬೇಕು. ಆದರೆ ಹಾಳೆಯೊಂದಕ್ಕೆ ಇಷ್ಟು ಎಂಬ ದರ ಮರುದಿನವೂ ಹಾಗೆಯೇ ಇದ್ದಿತು. ಉದ್ದನೆಯ ವಾದಪತ್ರಗಳೂ ಇನ್ನೂರೈವತ್ತು ವರ್ಷ ಹಾಗೆಯೇ ಬಂದವು.

ಇಪ್ಪತ್ತೈದು ವರ್ಷಗಳ ತರುವಾಯ ಚಾನ್ಸಲರನೇ ಕಟಕಟೆ ಏರಬೇಕಾಯಿತು. ತತ್ತ್ವಜ್ಞಾನಿಯೆಂದು ಜಗತ್ತೆಲ್ಲ ಬಲ್ಲ ಫ್ರಾನ್ಸಿಸ್ ಬೇಕನ್ 1621ರಲ್ಲಿ ದಾವೆದಾರರಿಂದ ಹಣ ಪಡೆದ ಆಪಾದನೆಗೆ ಗುರಿಯಾದನು. ನ್ಯಾಯಾಧೀಶರು ಹೇಗಿರಬೇಕೆಂದು ಪ್ರಬಂಧ ಬರೆದು ಪ್ರಕಟಿಸಿದ್ದವನು ಆತನೇ. ಮೊದಲು ದೂರಿದವರಲ್ಲಿ ಆಬ್ರಿ ಎಂಬುವನು ನೂರು ಪೌಂಡು, ಎಗರ್ಟನ್ ಎಂಬ ಇನ್ನೊಬ್ಬನು ನಾನೂರು ಪೌಂಡು ಕೊಟ್ಟಿದ್ದರು. ಸ್ವಾರಸ್ಯವೆಂದರೆ ಇಬ್ಬರಿಗೂ ವಿರುದ್ಧವಾಗಿಯೇ ತೀರ್ಪಾಗಿತ್ತು. ಹಣ ಪಡೆದದ್ದು ನಿಜ, ಆದರೆ ಅದಕ್ಕಾಗಿ ನ್ಯಾಯವನ್ನು ತಿರುಚಲಿಲ್ಲ ಎಂಬುದು ಬೇಕನ್ನನ ನಿಲುವು. ಇಪ್ಪತ್ತೆಂಟು ಆಪಾದನೆಗಳನ್ನು ಒಪ್ಪಿಕೊಂಡನು. ನಲವತ್ತು ಸಾವಿರ ಪೌಂಡು ದಂಡ, ಕೆಲದಿನಗಳ ಸೆರೆ, ಅಧಿಕಾರಚ್ಯುತಿ. ದಂಡವನ್ನು ದೊರೆ ಆಮೇಲೆ ಬಿಟ್ಟುಕೊಟ್ಟನು. ಆ ಕಾಲದಲ್ಲಿ ದೊಡ್ಡವರಿಗೆ ಕಾಣಿಕೆ ಒಪ್ಪಿಸುವುದು ಮರ್ಯಾದೆಯ ಭಾಗವಾಗಿತ್ತು. ಬೇಕನ್ನನ ವಾದವನ್ನು ನಂಬಿದರೂ ಒಂದು ಪ್ರಶ್ನೆ ಉಳಿಯುತ್ತದೆ. ಕಾಣಿಕೆ ಕೊಟ್ಟವನೇ ಸೋತನೆಂದ ಮಾತ್ರಕ್ಕೆ ಕೊಡಲು ಗತಿಯಿಲ್ಲದವನು ನಿಶ್ಚಿಂತೆಯಿಂದ ಆ ಬಾಗಿಲನ್ನು ತಟ್ಟಬಲ್ಲನೆ?

ಬೇಕನ್ ಹೋದನು, ಕಚೇರಿ ಉಳಿಯಿತು. ನೂರು ವರ್ಷ ಕಳೆದ ಮೇಲೆ ಅದೇ ಕಚೇರಿಯ ಒಳಗಣ ವ್ಯವಹಾರವೆಲ್ಲ ಬೆಳಕಿಗೆ ಬಂದ ಪ್ರಸಂಗ ಸವಿಸ್ತಾರವಾಗಿ ತಿಳಿಯತಕ್ಕದ್ದು.

ಥಾಮಸ್ ಪಾರ್ಕರ್ ಸ್ಟಾಫರ್ಡ್‌ಷೈರಿನ ಲೀಕ್ ಎಂಬ ಊರಿನ ಒಬ್ಬ ವಕೀಲನ ಮಗ. ಸ್ವಂತ ಪ್ರತಿಭೆಯಿಂದ ಮೇಲೆ ಬಂದು 1710ರಲ್ಲಿ ಮುಖ್ಯ ನ್ಯಾಯಾಧೀಶನಾದನು, 1718ರಲ್ಲಿ ಲಾರ್ಡ್ ಚಾನ್ಸಲರನಾದನು, 1721ರಲ್ಲಿ ಅರ್ಲ್ ಆಫ್ ಮ್ಯಾಕ್ಲ್ಸ್‌ಫೀಲ್ಡ್ ಎಂಬ ಪದವಿ ಪಡೆದನು. ಅಸಾಧಾರಣ ನ್ಯಾಯವಿದ. ಅಂಗಡಿ ಮಾರಿದವನು ಅದೇ ಬೀದಿಯಲ್ಲಿ ಮತ್ತೆ ವ್ಯಾಪಾರ ಹೂಡಬಾರದೆಂಬ ಕರಾರು ಎಷ್ಟರಮಟ್ಟಿಗೆ ಸಿಂಧು ಎಂಬ ಪ್ರಶ್ನೆಯ ಮೇಲೆ, ಒಬ್ಬ ಬೇಕರಿಯವನ ಮೊಕದ್ದಮೆಯಲ್ಲಿ 1711ರಲ್ಲಿ ಈತನು ಕೊಟ್ಟ ತೀರ್ಪನ್ನು ವಾಣಿಜ್ಯ ಕಾನೂನಿನ ವಿದ್ಯಾರ್ಥಿಗಳು ಇಂದಿಗೂ ಓದುತ್ತಾರೆ. ವಿಜ್ಞಾನದಲ್ಲಿ ಆಸಕ್ತನಾಗಿ, 1727ರಲ್ಲಿ ನ್ಯೂಟನ್ ತೀರಿಕೊಂಡಾಗ ಶವವಸ್ತ್ರದ ಅಂಚು ಹಿಡಿದ ಗಣ್ಯರಲ್ಲಿ ಒಬ್ಬನಾಗಿದ್ದನು. ಇಂಥವನನ್ನು ಹುಟ್ಟಾ ದುಷ್ಟನೆಂದು ಕರೆದು ಕಥೆಯನ್ನು ಮುಗಿಸುವುದು ಸುಲಭ. ಆದರೆ ಅದು ಸತ್ಯವಾಗದು.

ಮಾಸ್ಟರ್ ಹುದ್ದೆ ತೆರವಾದಾಗ ನೇಮಕ ಮಾಡುವ ಅಧಿಕಾರ ಚಾನ್ಸಲರನದು. ಹೊಸದಾಗಿ ಸೇರುವವನು ಆತನಿಗೆ ಕಾಣಿಕೆ ಒಪ್ಪಿಸುವುದು ಹಿಂದಿನಿಂದ ಬಂದ ರೂಢಿ. ಮ್ಯಾಕ್ಲ್ಸ್‌ಫೀಲ್ಡನ ಕಾಲಕ್ಕೆ ಆ ಕಾಣಿಕೆ ಬೆಳೆದು ಚೌಕಾಸಿಯ ಬೆಲೆಯಾಯಿತು. ಬೆನೆಟ್ ಎಂಬುವನು ಒಂದೂವರೆ ಸಾವಿರ ಗಿನಿ ತೆತ್ತನು. ಎಲ್ಡ್ ಎಂಬುವನು ಐದು ಸಾವಿರ ಗಿನಿಗಳನ್ನು ಬಟ್ಟೆಯ ಬುಟ್ಟಿಯೊಂದರಲ್ಲಿ ತುಂಬಿ ಚಾನ್ಸಲರನ ಮನೆಗೆ ಸಾಗಿಸಿದನು. ಥರ್ಸ್ಟನ್ ಎಂಬುವನು ಅಷ್ಟೇ ಮೊತ್ತವನ್ನು ಚಾನ್ಸಲರನ ಪತ್ನಿಯ ಕೈಗೆ ಒಪ್ಪಿಸಿದನು. ಗಿನಿಯೊಂದಕ್ಕೆ ಇಪ್ಪತ್ತೊಂದು ಷಿಲಿಂಗ್. ಎಂದರೆ ಐದು ಸಾವಿರ ಗಿನಿಗೆ 5,250 ಪೌಂಡು. ಮಾಸ್ಟರನ ನ್ಯಾಯವಾದ ರುಸುಮಿನಿಂದ ಇಷ್ಟು ಬಂಡವಾಳಕ್ಕೆ ತಕ್ಕ ಪ್ರತಿಫಲ ಹುಟ್ಟುವಂತಿರಲಿಲ್ಲ. ಹಾಗಾದರೆ ಬುದ್ಧಿವಂತರಾದ ವಕೀಲರು ಏನನ್ನು ನಂಬಿ ಅಷ್ಟು ಹಣ ಸುರಿದರು?

ಉತ್ತರ ಠೇವಣಿಯ ಪೆಟ್ಟಿಗೆಯಲ್ಲಿತ್ತು. ವ್ಯಾಜ್ಯ ತೀರುವವರೆಗೆ ವಿಧವೆಯರ, ಅನಾಥರ, ಧರ್ಮದತ್ತಿಗಳ ಹಣವೂ ಸಾಲಪತ್ರಗಳೂ ಮಾಸ್ಟರುಗಳ ವಶದಲ್ಲಿರುತ್ತಿದ್ದವು. ನ್ಯಾಯಾಲಯದ ಬೊಕ್ಕಸದಲ್ಲಲ್ಲ, ಅವರವರ ಸ್ವಂತ ವಶದಲ್ಲಿ. ಆ ಹಣವನ್ನು ಬಡ್ಡಿಗೆ ಬಿಟ್ಟು, ಷೇರುಗಳಲ್ಲಿ ತೊಡಗಿಸಿ, ಲಾಭವನ್ನು ತಾವು ಇಟ್ಟುಕೊಂಡು, ಕೇಳಿದಾಗ ಅಸಲನ್ನು ಹಿಂದಿರುಗಿಸುವುದು ಅವರಲ್ಲಿ ಎಲ್ಲರೂ ಬಲ್ಲ ಪದ್ಧತಿ. ಮೊಕದ್ದಮೆ ತಡವಾದಷ್ಟೂ ಹಣ ಕೈಯಲ್ಲಿ ಹೆಚ್ಚುಕಾಲ ನಿಲ್ಲುತ್ತದೆ. ವಿಳಂಬವೇ ಇಲ್ಲಿ ದುಡಿಮೆ. ಇನ್ನೂ ಕೆಟ್ಟದ್ದೆಂದರೆ, ಹೊಸಬನು ಹುದ್ದೆಯ ಬೆಲೆಯನ್ನೇ ತನ್ನ ವಶಕ್ಕೆ ಬಂದ ದಾವೆದಾರರ ಹಣದಿಂದ ತೀರಿಸುತ್ತಿದ್ದುದೂ ಉಂಟು. ಅನಾಥನ ದುಡ್ಡಿನಿಂದ ಅನಾಥನ ಕಾವಲುಗಾರನ ಕುರ್ಚಿಯನ್ನು ಕೊಂಡ ಹಾಗಾಯಿತು. ಗೃಹಸ್ಥನ ಅಣುವ್ರತಗಳಿಗೆ ಹೇಳಿರುವ ಅತಿಚಾರಗಳಲ್ಲಿ ನ್ಯಾಸಾಪಹಾರವನ್ನು ಅಚೌರ್ಯದ ಕೆಳಗೆ ಇಡದೆ ಸತ್ಯದ ಕೆಳಗೆ ಇಟ್ಟಿರುವುದರ ಮರ್ಮ ಇಂಥ ಕಡೆ ಹೊಳೆಯುತ್ತದೆ. ಈ ಮಾಸ್ಟರುಗಳಲ್ಲಿ ಯಾರೂ ತಮ್ಮನ್ನು ಕಳ್ಳರೆಂದು ಭಾವಿಸಿರಲಿಲ್ಲ. ಹಣ ಭದ್ರವಾಗಿದೆ ಎಂಬ ಅವರ ಮಾತು ಮಾತ್ರ ಸುಳ್ಳಾಗಿತ್ತು.

1720 ಬಂದಿತು. ಸೌತ್ ಸೀ ಕಂಪನಿಯ ಷೇರು ಜನವರಿಯಲ್ಲಿ ಸುಮಾರು 130 ಪೌಂಡು ಇದ್ದದ್ದು ಬೇಸಿಗೆಯಲ್ಲಿ 1,000ದ ಸಮೀಪಕ್ಕೆ ಏರಿ, ವರ್ಷ ಮುಗಿಯುವ ಮುನ್ನ 200ಕ್ಕಿಂತ ಕೆಳಗೆ ಬಿದ್ದಿತು. ಲಂಡನ್ನಿನಲ್ಲಿ ಮನೆಮನೆಗಳು ಮುಳುಗಿದವು. ಮಾಸ್ಟರುಗಳಲ್ಲಿ ಒಬ್ಬನಾದ ಡಾರ್ಮರ್ ಹಾಲೆಂಡಿಗೆ ಓಡಿಹೋದನು. ಅವನ ಲೆಕ್ಕದಲ್ಲಿ ಭಾರಿ ಕೊರತೆ. ಆಗಲೇ ಚಾನ್ಸಲರನು ಎಲ್ಲ ಮಾಸ್ಟರುಗಳ ರೋಕಡವನ್ನೂ ಎಣಿಸಿ ನೋಡಿದ್ದರೆ ಹಾನಿ ಅಲ್ಲಿಗೇ ನಿಲ್ಲುತ್ತಿತ್ತು. ಎಣಿಸಿದರೆ ಇತರರ ಕೊರತೆಯೂ ಬಯಲಾಗುತ್ತದೆ. ಬಯಲಾದರೆ ಹುದ್ದೆಯ ಬೆಲೆ ಬೀಳುತ್ತದೆ. ಆದ್ದರಿಂದ ಉಳಿದ ಮಾಸ್ಟರುಗಳು ತಲಾ ಐನೂರು ಪೌಂಡು ಹಾಕಿ ಡಾರ್ಮರನ ರಂಧ್ರವನ್ನು ಸ್ವಲ್ಪಮಟ್ಟಿಗೆ ಮುಚ್ಚುವ ಏರ್ಪಾಡಾಯಿತು. ವಿಚಾರವನ್ನು ಹೊರಗೆ ಬಿಡಲಿಲ್ಲ. ನಾಲ್ಕು ವರ್ಷ ಹೀಗೆಯೇ ಸಾಗಿತು. ತಮ್ಮ ಹಣ ಕೇಳಲು ಬಂದವರು ಮತ್ತೆ ಮತ್ತೆ ಬರಿಗೈಯಲ್ಲಿ ಹಿಂದಿರುಗಿದರು.

ಕೊನೆಗೆ 1724ರ ಅಂತ್ಯದಲ್ಲಿ ತನಿಖೆ ಆರಂಭವಾಯಿತು. 1725ರ ಜನವರಿಯಲ್ಲಿ ಮ್ಯಾಕ್ಲ್ಸ್‌ಫೀಲ್ಡ್ ರಾಜಮುದ್ರೆಯನ್ನು ಹಿಂದಕ್ಕೊಪ್ಪಿಸಿದನು. ಮೇ ತಿಂಗಳಲ್ಲಿ ಲಾರ್ಡ್ಸ್ ಸಭೆಯ ಮುಂದೆ ಇಪ್ಪತ್ತೊಂದು ಆಪಾದನೆಗಳ ಮಹಾಭಿಯೋಗ ನಡೆಯಿತು. ಆತನ ಸಮರ್ಥನೆ ಇಡೀ ಪ್ರಸಂಗದ ತಿರುಳು. ಈ ಕಾಣಿಕೆ ನನ್ನ ಹಿಂದಿನವರೆಲ್ಲ ಪಡೆದದ್ದು, ಬಹಿರಂಗವಾಗಿ ತಿಳಿದದ್ದು, ಪದವಿಯ ವರಮಾನದ ಭಾಗ ಎಂಬುದು ಆ ಸಮರ್ಥನೆಯ ಸಾರ. ಎಂದರೆ, ಮಾಮೂಲು! ನ್ಯಾಯದಾನಕ್ಕೆ ಸಂಬಂಧಿಸಿದ ಹುದ್ದೆಗಳನ್ನು ಮಾರಕೂಡದೆಂಬ ಶಾಸನ ಆರನೆಯ ಎಡ್ವರ್ಡನ ಕಾಲದಿಂದ, ಎಂದರೆ ಸುಮಾರು 170 ವರ್ಷಗಳಿಂದ ಜಾರಿಯಲ್ಲಿತ್ತು. ಆ ಶಾಸನವೂ ಮುಖ್ಯ ನ್ಯಾಯಾಧೀಶರು ಮಾರುವ ಹುದ್ದೆಗಳನ್ನು ತನ್ನ ವ್ಯಾಪ್ತಿಯಿಂದ ಹೊರಗಿಟ್ಟಿತ್ತೆಂಬುದು ಬೇರೆ ಮಾತು. ಕಾನೂನು ಪುಸ್ತಕದಲ್ಲಿತ್ತು, ರೂಢಿ ಕಚೇರಿಯಲ್ಲಿತ್ತು. ಅಷ್ಟು ದೊಡ್ಡ ನ್ಯಾಯವಿದನೂ ಎರಡನೆಯದನ್ನೇ ಅನುಸರಿಸಿದನು. ಹಾಜರಿದ್ದ 93 ಮಂದಿ ಲಾರ್ಡರೂ ಒಮ್ಮತದಿಂದ ಅಪರಾಧಿಯೆಂದರು. ಮೂವತ್ತು ಸಾವಿರ ಪೌಂಡು ದಂಡ. ಅದನ್ನು ತೆರುವವರೆಗೆ, ಆರು ವಾರಗಳ ಕಾಲ, ಟವರ್ ಕೋಟೆಯಲ್ಲಿ ಸೆರೆ.

ಆ ವಿಚಾರಣೆಯ ಅಧ್ಯಕ್ಷತೆ ವಹಿಸಿದ್ದವನು ಪೀಟರ್ ಕಿಂಗ್. 1725ರ ಜೂನಿನಲ್ಲಿ ಆತನೇ ಲಾರ್ಡ್ ಚಾನ್ಸಲರನಾದನು. ಮರುವರ್ಷ, 1726ರ ಅಕ್ಟೋಬರ್ 31ರಂದು, ಆತನ ಮುಂದೆ ಚಿಕ್ಕದೊಂದು ಮೊಕದ್ದಮೆ ಬಂದಿತು. ರಾಮ್‌ಫರ್ಡ್ ಎಂಬ ಊರಿನ ಸಂತೆಯ ವರಮಾನದ ಗೇಣಿ ಒಬ್ಬ ಬಾಲಕನ ಹಿತಕ್ಕಾಗಿ ಟ್ರಸ್ಟಿಯ ಕೈಯಲ್ಲಿತ್ತು. ಮುದ್ದತು ಮುಗಿದಾಗ ಟ್ರಸ್ಟಿಯು ಬಾಲಕನ ಪರವಾಗಿ ಗೇಣಿಯನ್ನು ನವೀಕರಿಸಲು ಕೇಳಿದನು. ಮಾಲೀಕನು ಅಪ್ರಾಪ್ತ ವಯಸ್ಕನಿಗೆ ಕೊಡಲೊಲ್ಲೆನೆಂದನು. ಆಗ ಟ್ರಸ್ಟಿಯು ತನ್ನ ಹೆಸರಿಗೇ ಮಾಡಿಸಿಕೊಂಡನು. ಇದರಲ್ಲಿ ಮೋಸವೇನೂ ಕಾಣುವುದಿಲ್ಲ. ಬಾಲಕನಿಗಂತೂ ಅದು ದೊರೆಯುವಂತಿರಲಿಲ್ಲ. ಆದರೂ ಕಿಂಗ್ ಒಪ್ಪಲಿಲ್ಲ. ಜಗತ್ತಿನಲ್ಲಿ ಬೇರೆ ಯಾರು ಬೇಕಾದರೂ ಆ ಗೇಣಿಯನ್ನು ಪಡೆಯಬಹುದಾಗಿತ್ತು, ಟ್ರಸ್ಟಿಯೊಬ್ಬನನ್ನು ಬಿಟ್ಟು. ಬಂದ ಲಾಭವೆಲ್ಲ ಬಾಲಕನಿಗೆ ಸೇರಬೇಕು ಎಂಬುದು ತೀರ್ಪಿನ ಅಭಿಪ್ರಾಯ. ಕೀಚ್ ಮತ್ತು ಸ್ಯಾಂಡ್‌ಫರ್ಡ್ ಎಂಬ ಹೆಸರಿನ ಈ ಮೊಕದ್ದಮೆ ಟ್ರಸ್ಟ್ ಕಾನೂನಿನ ಅಡಿಗಲ್ಲುಗಳಲ್ಲಿ ಒಂದು. ಇಷ್ಟು ಕಠಿಣವಾದ ನಿಯಮವೇಕೆ ಎಂದು ಕೇಳುವವರಿದ್ದಾರೆ. ಒಂದು ವರ್ಷದ ಹಿಂದಷ್ಟೇ ಬುಟ್ಟಿಯಲ್ಲಿ ಹೋದ ಗಿನಿಗಳ ವೃತ್ತಾಂತವನ್ನು ಪೀಠದಲ್ಲಿ ಕುಳಿತು ಕೇಳಿದ್ದವನಿಗೆ ಅದು ಕಠಿಣವೆಂದು ತೋರದಿದ್ದರೆ ಆಶ್ಚರ್ಯವಿಲ್ಲ.

ತೀರ್ಪಿಗಿಂತಲೂ ಹೆಚ್ಚಿನ ಕೆಲಸ ಮಾಡಿದ್ದು ಒಂದು ಲೆಕ್ಕಪತ್ರದ ಏರ್ಪಾಡು. ಶಾಸನದ ಮೂಲಕ ಚಾನ್ಸರಿಗೆ ‘ಅಕೌಂಟೆಂಟ್ ಜನರಲ್’ ಎಂಬ ಅಧಿಕಾರಿಯನ್ನು ನೇಮಿಸಿ, ದಾವೆದಾರರ ಹಣವೆಲ್ಲ ಬ್ಯಾಂಕ್ ಆಫ್ ಇಂಗ್ಲೆಂಡಿನಲ್ಲಿ ಜಮೆಯಾಗಬೇಕೆಂದು ವಿಧಿಸಲಾಯಿತು. ಲೆಕ್ಕ ಬರೆಯುವವನ ಕೈಗೆ ನಗದು ಬಾರದು, ನಗದು ಇರುವ ಕಡೆ ಆದೇಶವಿಲ್ಲದೆ ಕಾಸು ಹೊರಬೀಳದು. ಕಿರ್ದಿ ಬರೆಯುವವನೂ ಪೆಟ್ಟಿಗೆಯ ಬೀಗದ ಕೈ ಇಟ್ಟುಕೊಳ್ಳುವವನೂ ಬೇರೆಬೇರೆ ಆಗಿರಬೇಕೆಂಬ ಸಾಮಾನ್ಯ ಅಂಗಡಿಯ ವಿವೇಕವಿದು. ಮಾಸ್ಟರುಗಳು ಒಂದೇ ದಿನದಲ್ಲಿ ಸಜ್ಜನರಾದರೆಂದು ತಿಳಿಯಬೇಕಾಗಿಲ್ಲ. ಹಣ ಅವರ ಕೈಯಲ್ಲಿ ಉಳಿಯಲಿಲ್ಲ, ಅಷ್ಟೆ.

ಆದರೆ ಅವರ ಕೈಯಲ್ಲಿ ಇನ್ನೊಂದು ವಸ್ತು ಉಳಿದಿತ್ತು. ಅದು ದಾವೆದಾರರ ಕಾಲ. ರುಸುಮಿನ ಪದ್ಧತಿಯನ್ನು 1726ರಲ್ಲಿ ಯಾರೂ ಮುಟ್ಟಲಿಲ್ಲ. ಫಲವಾಗಿ ಠೇವಣಿಯ ಅಪಹಾರ ನಿಂತಿತು, ವಿಳಂಬ ನಿಲ್ಲಲಿಲ್ಲ; ಮುಂದಿನ ನೂರು ವರ್ಷ ಅದು ಬೆಳೆಯುತ್ತಲೇ ಹೋಯಿತು. ಮಾಸ್ಟರನ ಮುಂದೆ ವಿಚಾರಣೆ ಗಂಟೆಯ ಲೆಕ್ಕದಲ್ಲಿ. ಪ್ರತಿ ಗಂಟೆಗೂ ಒಂದು ‘ವಾರಂಟು’, ಎಂದರೆ ಹಾಜರಾಗಲು ಸೂಚನಾಪತ್ರ. ಮೊದಲನೆಯ ವಾರಂಟಿಗೆ ಯಾರೂ ಬರುವುದಿಲ್ಲ, ಎರಡನೆಯದಕ್ಕೂ ಇಲ್ಲ, ಮೂರನೆಯದಕ್ಕೆ ಬರಬಹುದು. ಬಾರದ ದಿನಗಳಿಗೂ ಮಾಸ್ಟರನ ಕಚೇರಿಗೆ ರುಸುಮು, ವಕೀಲರಿಗೆ ಹಾಜರಾತಿಯ ಹಣ. ಇದನ್ನು ದುರುದ್ದೇಶವೆಂದು ಯಾರೂ ಕರೆಯುತ್ತಿರಲಿಲ್ಲ. ಸೇರಿದ ಕಿರಿಯ ಗುಮಾಸ್ತನು ಮೊದಲ ವಾರಂಟಿಗೆ ಹೋಗಿ ಕಾದರೆ ಹಿರಿಯರು ನಗುತ್ತಿದ್ದಿರಬೇಕು. ಆರು ಗುಮಾಸ್ತರ ಸ್ಥಿತಿ ಇನ್ನೂ ವಿಚಿತ್ರ. ಹಿಂದೊಮ್ಮೆ ದಾವೆದಾರರ ಪರವಾಗಿ ನಿಜವಾಗಿ ಕೆಲಸ ಮಾಡುತ್ತಿದ್ದವರು ಅವರು. ಆ ಕೆಲಸ ಸಾಲಿಸಿಟರುಗಳ ಕೈಗೆ ಹೋಗಿ ಬಹುಕಾಲವಾಗಿತ್ತು. ಕೆಲಸ ಹೋಯಿತು, ರುಸುಮು ಉಳಿಯಿತು. ಒಂದೇ ಕೆಲಸಕ್ಕೆ ದಾವೆದಾರನು ಎರಡು ಕಡೆ ಹಣ ತೆತ್ತನು.

ಲಾರ್ಡ್ ಎಲ್ಡನ್ ಈ ಕಾಲದ ಪ್ರಸಿದ್ಧ ಚಾನ್ಸಲರ್. 1801ರಿಂದ 1827ರವರೆಗೆ, ನಡುವೆ ಒಂದು ವರ್ಷ ಬಿಟ್ಟು, ಪೀಠದಲ್ಲಿದ್ದನು. ಆತನ ಶುದ್ಧಹಸ್ತವನ್ನೂ ಪಾಂಡಿತ್ಯವನ್ನೂ ವಿರೋಧಿಗಳು ಕೂಡ ಸಂಶಯಿಸಲಿಲ್ಲ. ಕಾಗದವನ್ನೆಲ್ಲ ತಾನೇ ಓದದೆ, ಸಂದೇಹಗಳನ್ನೆಲ್ಲ ತೀರಿಸಿಕೊಳ್ಳದೆ ತೀರ್ಪು ಹೇಳನು. ತೀರಿಸಿಕೊಳ್ಳುವಷ್ಟರಲ್ಲಿ ವರ್ಷಗಳು ಸಂದಿರುತ್ತಿದ್ದವು. 1813ರಲ್ಲಿ ಸಹಾಯಕ್ಕೆಂದು ವೈಸ್ ಚಾನ್ಸಲರ್ ಒಬ್ಬನನ್ನು ನೇಮಿಸಲಾಯಿತು. ಆತನ ತೀರ್ಪುಗಳ ಮೇಲೆ ಎಲ್ಡನ್ನನಿಗೆ ಮೇಲ್ಮನವಿ ಹೋಗಲು ಅವಕಾಶವಿದ್ದುದರಿಂದ ಕೆಲಸ ಕಡಿಮೆಯಾಗುವ ಬದಲು ಇಮ್ಮಡಿಯಾಯಿತು. ನ್ಯಾಯಾಧೀಶರ ಸಂಖ್ಯೆ ಹೆಚ್ಚಿಸಿದರೆ ವಿಳಂಬ ಕಡಿಮೆಯಾಗುತ್ತದೆಂದು ಇಂದೂ ಹೇಳುವುದುಂಟು. ಕಚೇರಿಯ ನಡವಳಿಕೆ ಹಾಗೆಯೇ ಇದ್ದಾಗ ಏನಾಗುತ್ತದೆಂಬುದಕ್ಕೆ ಇದೊಂದು ಸಾಕ್ಷಿ. 1824ರಲ್ಲಿ ಚಾನ್ಸರಿಯ ದೋಷಗಳನ್ನು ಪರಿಶೀಲಿಸಲು ಆಯೋಗ ನೇಮಕವಾಯಿತು. ಅದರ ಅಧ್ಯಕ್ಷ ಸ್ವತಃ ಎಲ್ಡನ್. 1826ರಲ್ಲಿ ಬಂದ ವರದಿಯಿಂದ ಹೆಚ್ಚೇನೂ ಆಗಲಿಲ್ಲವೆಂದು ಹೇಳಬೇಕಾಗಿಲ್ಲ.

ಈ ನ್ಯಾಯಾಲಯದ ರುಚಿಯನ್ನು ಕಾದಂಬರಿಕಾರ ಡಿಕನ್ಸ್ ಸ್ವತಃ ಕಂಡವನು. ತನ್ನ ಕ್ರಿಸ್‌ಮಸ್ ಕಥೆಯನ್ನು ಕದ್ದು ಮುದ್ರಿಸಿದವರ ಮೇಲೆ 1844ರಲ್ಲಿ ಚಾನ್ಸರಿಯಲ್ಲಿ ದಾವೆ ಹೂಡಿ ಗೆದ್ದನು. ಎದುರಾಳಿಗಳು ದಿವಾಳಿ ಎಂದರು. ಗೆದ್ದವನು ಸುಮಾರು 700 ಪೌಂಡು ವೆಚ್ಚ ತಾನೇ ಭರಿಸಿದನು. 1852–53ರಲ್ಲಿ ಕಂತುಕಂತಾಗಿ ಬಂದ ‘ಬ್ಲೀಕ್ ಹೌಸ್’ ಕಾದಂಬರಿಯಲ್ಲಿ ಒಂದು ಆಸ್ತಿಯ ವ್ಯಾಜ್ಯ ವೆಚ್ಚದಲ್ಲಿಯೇ ಕರಗಿಹೋಗುವ ಚಿತ್ರವನ್ನು ಕೊಟ್ಟನು. ಅದು ಕಲ್ಪನೆಯ ಅತಿರೇಕವೆಂದವರಿಗೆ, 1798ರಲ್ಲಿ ಉಯಿಲಿಲ್ಲದೆ ತೀರಿಕೊಂಡ ವಿಲಿಯಂ ಜೆನ್ನೆನ್ಸ್ ಎಂಬ ಶ್ರೀಮಂತನ ಆಸ್ತಿಯ ಮೇಲಿನ ಹಕ್ಕುಸಾಧನೆಗಳು ಇಪ್ಪತ್ತನೆಯ ಶತಮಾನದ ಆರಂಭದವರೆಗೂ ನಡೆದವೆಂಬ ಸಂಗತಿಯೇ ಉತ್ತರ.

ಸುಧಾರಣೆ ಬಂದದ್ದು ಉಪದೇಶದಿಂದಲ್ಲ, ಹಣದ ಕಾಲುವೆಯನ್ನು ತಿರುಗಿಸಿದ್ದರಿಂದ. 1832ರಲ್ಲಿ ಚಾನ್ಸಲರನಿಗೆ ರುಸುಮಿನ ಬದಲು ಸಂಬಳ ಗೊತ್ತಾಯಿತು. 1833ರಲ್ಲಿ ಮಾಸ್ಟರುಗಳಿಗೂ ಸಂಬಳ. 1842ರಲ್ಲಿ ಆರು ಗುಮಾಸ್ತರ ಕಚೇರಿಯನ್ನು ಮುಚ್ಚಲಾಯಿತು. 1852ರಲ್ಲಿ ಮಾಸ್ಟರ್ ಹುದ್ದೆಯನ್ನೇ ರದ್ದುಮಾಡಿ, ಅವರ ಕೆಲಸವನ್ನು ನ್ಯಾಯಾಧೀಶರ ಕೊಠಡಿಗಳಿಗೆ ತರಲಾಯಿತು. ರುಸುಮನ್ನು ನೌಕರನ ಕೈಗೆ ನಗದಾಗಿ ಕೊಡದೆ ಸ್ಟಾಂಪಿನ ಮೂಲಕ ಸಲ್ಲಿಸುವ ಕ್ರಮ ಬಂದಿತು. 1873 ಮತ್ತು 1875ರ ಶಾಸನಗಳಿಂದ ಚಾನ್ಸರಿಯೂ ಇತರ ನ್ಯಾಯಾಲಯಗಳೂ ಒಂದಾದವು. ಆದರೆ ಹುದ್ದೆ ಸೊತ್ತೆಂಬ ಭಾವನೆ ಅಷ್ಟು ಸುಲಭವಾಗಿ ಅಳಿಯಲಿಲ್ಲ. 1842ರಲ್ಲಿ ಹುದ್ದೆ ಕಳೆದುಕೊಂಡ ಉಪಗುಮಾಸ್ತರಿಗೆ, ತಮ್ಮ ಆಸ್ತಿಯನ್ನು ಸರ್ಕಾರ ವಶಪಡಿಸಿಕೊಂಡಿತೋ ಎಂಬಂತೆ, ಜೀವಾವಧಿ ಪರಿಹಾರ ದೊರೆಯಿತು. ಅನಗತ್ಯವೆಂದು ಸಿದ್ಧವಾದ ಕೆಲಸಕ್ಕೆ ಅದು ನಿಂತ ಮೇಲೂ ಹಣ ಸಂದಿತು.

ಈ ನ್ಯಾಯಾಲಯದ ಗುಣವೂ ದೋಷವೂ ಹಡಗೇರಿ ಭಾರತಕ್ಕೆ ಬಂದವು. 1774ರಲ್ಲಿ ಕಲ್ಕತ್ತೆಯಲ್ಲಿ ಸ್ಥಾಪಿತವಾದ ಸುಪ್ರೀಂ ಕೋರ್ಟಿಗೆ ಚಾನ್ಸರಿಯಂಥ ಅಧಿಕಾರವೂ, ಅದರಂಥ ಮಾಸ್ಟರ್ ರಿಜಿಸ್ಟ್ರಾರರೂ, ರುಸುಮಿನ ಪದ್ಧತಿಯೂ ದೊರೆತವು. ಉಯಿಲಿಲ್ಲದೆ ಇಲ್ಲಿ ಸತ್ತವರ ಆಸ್ತಿಯನ್ನು ರಿಜಿಸ್ಟ್ರಾರನು ನಿರ್ವಹಿಸಿ ಅದರ ಮೇಲೆ ಕಮಿಷನ್ ಪಡೆಯುತ್ತಿದ್ದನು. 1848ರಲ್ಲಿ ಕಲ್ಕತ್ತೆಯ ಯೂನಿಯನ್ ಬ್ಯಾಂಕ್ ಮುಳುಗಿದ ಹೊತ್ತಿಗೆ ಅಲ್ಲಿನ ರಿಜಿಸ್ಟ್ರಾರ್ ಸರ್ ಥಾಮಸ್ ಟರ್ಟನ್ ತನ್ನ ವಶದಲ್ಲಿದ್ದ ಮೃತರ ಹಣಕ್ಕೆ ಲೆಕ್ಕ ಒಪ್ಪಿಸಲಾರದೆ ಹೋದನು. ಲಂಡನ್ನಿನಲ್ಲಿ 120 ವರ್ಷಗಳ ಹಿಂದೆ ಕಲಿತ ಪಾಠವನ್ನು ಕಲ್ಕತ್ತೆ ಮತ್ತೊಮ್ಮೆ ಕಲಿಯಬೇಕಾಯಿತು. ಮರುವರ್ಷ ಅಂಥ ಆಸ್ತಿಗಳಿಗಾಗಿಯೇ ಅಡ್ಮಿನಿಸ್ಟ್ರೇಟರ್ ಜನರಲ್ ಎಂಬ ಪ್ರತ್ಯೇಕ ಹುದ್ದೆಯನ್ನು ಶಾಸನದ ಮೂಲಕ ಸೃಷ್ಟಿಸಲಾಯಿತು.

ಗುಣದ ಕಡೆಯಿಂದ ಬಂದದ್ದು 1882ರ ಇಂಡಿಯನ್ ಟ್ರಸ್ಟ್ಸ್ ಆಕ್ಟ್. ಟ್ರಸ್ಟಿನ ಸೊತ್ತನ್ನು ಟ್ರಸ್ಟಿಯು ಸ್ವಂತ ಲಾಭಕ್ಕೆ ಬಳಸಕೂಡದೆಂಬ 51ನೆಯ ಕಲಮು, ಸ್ಥಾನಬಲದಿಂದ ದೊರೆತ ಲಾಭವನ್ನು ಫಲಾನುಭವಿಗೆ ಒಪ್ಪಿಸಬೇಕೆಂಬ 88ನೆಯ ಕಲಮು ರಾಮ್‌ಫರ್ಡ್ ಸಂತೆಯ ಬಾಲಕನ ನೆನಪನ್ನು ತರುತ್ತವೆ. ಸಾರ್ವಜನಿಕ ಧಾರ್ಮಿಕ ದತ್ತಿಗಳಿಗೆ ಈ ಕಾಯಿದೆ ನೇರವಾಗಿ ಅನ್ವಯಿಸುವುದಿಲ್ಲವೆಂಬುದನ್ನು ಕೆಲವು ದೇವಾಲಯಗಳ ಆಡಳಿತಗಾರರು ತಮಗೆ ಅನುಕೂಲವಾದ ವಿನಾಯಿತಿಯೆಂದು ತಿಳಿಯುವುದುಂಟು. ಅದು ಸರಿಯಲ್ಲ. ಪರರ ಹಿತಕ್ಕಾಗಿ ಸೊತ್ತು ಹಿಡಿದವನು ಅದರಿಂದ ತಾನು ಲಾಭ ಮಾಡಿಕೊಳ್ಳಕೂಡದೆಂಬ ತತ್ತ್ವ ಅಲ್ಲಿಗೂ ಸಲ್ಲುತ್ತದೆ. 1908ರ ಸಿವಿಲ್ ಪ್ರೊಸೀಜರ್ ಕೋಡಿನ 92ನೆಯ ಕಲಮಿನ ಪ್ರಕಾರ ಟ್ರಸ್ಟಿನಲ್ಲಿ ಹಿತಾಸಕ್ತಿಯುಳ್ಳ ಇಬ್ಬರು ನ್ಯಾಯಾಲಯದ ಅನುಮತಿ ಪಡೆದು ಲೆಕ್ಕ ಕೇಳಬಹುದು, ಟ್ರಸ್ಟಿಯನ್ನು ತೆಗೆಯುವಂತೆ ಪ್ರಾರ್ಥಿಸಬಹುದು. ಆದರೆ ಉತ್ಸವದ ಉಳಿಕೆ ಹಣ ಖಜಾಂಚಿಯ ಅಂಗಡಿಯಲ್ಲಿ ಮುಂದಿನ ಉತ್ಸವದವರೆಗೆ ‘ಎಂದಿನಂತೆ’ ಇರುವ ಊರುಗಳಲ್ಲಿ ಯಾವ ಕಲಮೂ ಲೆಕ್ಕ ಬರೆಯುವುದಿಲ್ಲ.

ಲಂಡನ್ನಿನ ಸ್ಟ್ರಾಂಡ್ ಬೀದಿಯಲ್ಲಿ ರಾಯಲ್ ಕೋರ್ಟ್ಸ್ ಆಫ್ ಜಸ್ಟಿಸ್ ಎಂಬ ಭವ್ಯವಾದ ಕಟ್ಟಡವಿದೆ. 1882ರಲ್ಲಿ ವಿಕ್ಟೋರಿಯಾ ರಾಣಿ ಅದನ್ನು ಉದ್ಘಾಟಿಸಿದಳು. ಅದರ ನಿರ್ಮಾಣಕ್ಕೆ 1865ರ ಶಾಸನವೊಂದು ಹತ್ತು ಲಕ್ಷ ಪೌಂಡುಗಳವರೆಗೆ ಹಣ ಒದಗಿಸಿತ್ತು. ಆ ಹಣ ಬಂದದ್ದು ಚಾನ್ಸರಿಯಲ್ಲಿ ತಲೆಮಾರುಗಳ ಕಾಲ ಕೊಳೆತ ದಾವೆದಾರರ ಠೇವಣಿಗಳ ಮೇಲೆ ಬೆಳೆದ ಹೆಚ್ಚುವರಿ ಬಡ್ಡಿಯಿಂದ.